ಜೂನ್ ತಿಂಗಳಲ್ಲೂ ಬರುವ ಚಳಿಗಾಲ

ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿಗೆ ಅಂಟಿಕೊಂಡ ಹಳ್ಳಿಯೊಂದರಲ್ಲಿ ನಡೆದ ಮಾತುಕತೆ ಇದು. ಒಬ್ಬರು ಹೊಗೆಸೊಪ್ಪು ಬೆಳೆಯುವ ರೈತ. ಇನ್ನೊಬ್ಬಳು ಅವರ ತಮ್ಮನ ಮಗಳು, ಡಾರ್ಜಿಲಿಂಗ್‌ನಲ್ಲಿ ಪರ್ವತಾರೋಹಣದ ಬೇಸಿಕ್ ಕೋರ್ಸ್ ಮುಗಿಸಿ ಬಂದವಳು.

ದೊಡ್ಡಪ್ಪ: ನಮ್ಮ ಕಡೆ ಮಾಗಿಯಲ್ಲಿ ಇಬ್ಬನಿ ಸುರಿದರೆ ಅದೇ ದೊಡ್ಡ ಚಳಿ. ಹಿಮದ ಮೇಲೆ ನಡೆಯೋದನ್ನ ಕಲಿಯೋಕೆ ಅಷ್ಟು ದೂರ ಯಾಕೆ ಹೋದೆ ಅನ್ನೋದು ನನಗಿನ್ನೂ ಅರ್ಥ ಆಗಿಲ್ಲ ಕಣವ್ವ. ಹಿಮ ಬೀಳೋ ಊರಿನವರು ಕಲಿಯಲಿ, ಸರಿ. ಬಿಸಿಲಲ್ಲಿ ಬೆಳೆದ ನಮಗೆ ಅದು ಯಾತಕ್ಕೆ ಬಂತು?

ಮಗಳು: ಹಿಮ ಕಾಣದ ಊರಿನವರಿಗೇ ಅದು ಹೆಚ್ಚು ಬೇಕು ದೊಡ್ಡಪ್ಪ. 2024ರ ಜೂನ್ 4 ನೆನಪಿದೆಯಾ, ಲೋಕಸಭೆ ಚುನಾವಣೆಯ ಫಲಿತಾಂಶ ಬಂದ ದಿನ?

ದೊಡ್ಡಪ್ಪ: ನೆನಪಿಲ್ಲದೆ ಏನು? ಬೆಳಗಿಂದ ರಾತ್ರಿವರೆಗೆ ಟಿವಿ ಮುಂದೇನೇ ಇದ್ದೆವು.

ಮಗಳು: ನಾವು ಇಲ್ಲಿ ಟಿವಿ ನೋಡ್ತಿದ್ದಾಗ ಉತ್ತರಾಖಂಡದ ಸಹಸ್ರತಾಲ್ ಕೆರೆಯ ಹತ್ತಿರ ನಮ್ಮ ರಾಜ್ಯದ ಚಾರಣಿಗರು ಹಿಮದ ಬಿರುಗಾಳಿಗೆ ಸಿಕ್ಕಿಕೊಂಡಿದ್ದರು. ಗೈಡ್‌ಗಳೂ ಸೇರಿ 22 ಜನರ ತಂಡ. ಕೆರೆ ನೋಡಿ ಹಿಂತಿರುಗಿ ಇಳಿಯುವಾಗ ಗಾಳಿ, ಹಿಮ ಒಟ್ಟಿಗೆ ಬಂತು. ದಾರಿ ಕಾಣಲಿಲ್ಲ. 4,000 ಮೀಟರಿಗೂ ಎತ್ತರದ ಬಯಲಲ್ಲಿ ರಾತ್ರಿ ಕಳೆಯಬೇಕಾಯ್ತು. 9 ಮಂದಿ ತೀರಿಕೊಂಡರು, ಉಳಿದ 13 ಮಂದಿಯನ್ನ ಕೆಳಗೆ ತಂದರು. ಸರ್ಕಾರದ ಪರವಾಗಿ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಹೋಗಿ ಎಲ್ಲರನ್ನೂ ಊರಿಗೆ ಕಳಿಸುವ ಕೆಲಸ ನೋಡಿಕೊಂಡರು.

ದೊಡ್ಡಪ್ಪ: ಜೂನ್ ಅಂದರೆ ನಮ್ಮಲ್ಲಿ ಮುಂಗಾರು ಹಿಡಿಯೋ ಕಾಲ. ಆಗ ಹಿಮವಾ?

ಮಗಳು: ಕ್ಯಾಲೆಂಡರ್ ನೋಡಿದರೆ ಅದು ಬೇಸಿಗೆ. ಆದರೆ ಆ ಎತ್ತರದಲ್ಲಿ ಚಳಿಗಾಲಕ್ಕೆ ತಿಂಗಳ ಲೆಕ್ಕ ಇಲ್ಲ. ಬೆಳಿಗ್ಗೆ ಬಿಸಿಲು ಹೊಡೆದು ಮಧ್ಯಾಹ್ನದ ಹೊತ್ತಿಗೆ ಚಳಿಗಾಲ ಬಂದುಬಿಡಬಹುದು. ಸಹಸ್ರತಾಲ್‌ಗೆ ಹೋದವರಲ್ಲಿ ವರ್ಷಗಟ್ಟಲೆ ಬೆಟ್ಟ ಹತ್ತಿದ ಅನುಭವಿಗಳೂ ಇದ್ದರು. ಅವರು ತಪ್ಪು ಮಾಡಿದರು ಅಂತ ಇಲ್ಲಿ ಕೂತು ಹೇಳೋ ಅಧಿಕಾರ ನನಗಿಲ್ಲ. ಆದರೆ ಆ ಸುದ್ದಿ ಓದಿದ ಮೇಲೆ ಒಂದು ಮಾತು ಮನಸ್ಸಿಗೆ ಬಂತು. ಕರ್ನಾಟಕದಿಂದ ಪ್ರತಿ ವರ್ಷ ಎಷ್ಟೋ ಜನ ಹಿಮಾಲಯಕ್ಕೆ ಹೋಗ್ತೇವೆ. ಕುಮಾರಪರ್ವತ, ತಡಿಯಂಡಮೋಳ್ ಹತ್ತಿದ ಕಾಲು ಇದೆ ಅನ್ನೋ ಧೈರ್ಯದ ಮೇಲೆ ಹೋಗ್ತೇವೆ. ಕಾಲಿನ ಶಕ್ತಿ ಬೇರೆ, ಚಳಿಯಲ್ಲಿ ಜೀವ ಉಳಿಸಿಕೊಳ್ಳೋ ವಿದ್ಯೆ ಬೇರೆ. ಆ ವಿದ್ಯೆ ಕಲೀಬೇಕು ಅಂತಲೇ ಹೋದೆ.

ದೊಡ್ಡಪ್ಪ: ಚಳಿಗೆ ಮನುಷ್ಯ ಸಾಯೋದು ಹೇಗೆ? ದಪ್ಪನೆ ಸ್ವೆಟರ್ ಹಾಕ್ಕೊಂಡರೆ ಆಗಲ್ವಾ?

ಮಗಳು: ಅಲ್ಲಿ ಬರೀ ಚಳಿ ಇರಲ್ಲ. ಚಳಿ, ಒದ್ದೆ, ಗಾಳಿ ಮೂರೂ ಸೇರಿ ಕೊಲ್ಲುತ್ತವೆ. ನಮ್ಮ ಮೈ ಒಳಗೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಶಾಖ ಇರಬೇಕು. ಅದು 35ಕ್ಕಿಂತ ಕೆಳಗಿಳಿದರೆ ಹೈಪೋಥರ್ಮಿಯಾ ಶುರು. ಮೊದಲು ನಡುಕ, ಆಮೇಲೆ ಮಾತು ತೊದಲುತ್ತೆ, ಬೆರಳು ಜಿಪ್ ಎಳೆಯಲ್ಲ, ತಲೆ ಕೆಲಸ ಮಾಡಲ್ಲ. ಇನ್ನೂ ಇಳಿದರೆ ನಡುಕವೇ ನಿಂತುಹೋಗುತ್ತೆ. ನೋಡೋರು "ಸುಧಾರಿಸಿಕೊಂಡ" ಅಂದುಕೊಳ್ತಾರೆ, ಆದರೆ ನಿಜವಾದ ಅಪಾಯ ಇರೋದು ಅಲ್ಲೇ. ತನಗೆ ಹೀಗಾಗ್ತಿದೆ ಅಂತ ಆ ಮನುಷ್ಯನಿಗೇ ಗೊತ್ತಾಗಲ್ಲ. ಅದಕ್ಕೇ ಪಕ್ಕದವರ ಮುಖ, ಮಾತು, ನಡಿಗೆ ಮೂರನ್ನೂ ಗಮನಿಸ್ತಾ ಇರಿ ಅಂತ ಕೋರ್ಸಿನ ಮೊದಲ ದಿನಗಳಿಂದಲೇ ಹೇಳ್ತಾರೆ.

ದೊಡ್ಡಪ್ಪ: ಬಟ್ಟೆ ವಿಷಯ ಹೇಳಲಿಲ್ಲ.

ಮಗಳು: ನಾವು ಇಷ್ಟಪಡೋ ಹತ್ತಿ ಬಟ್ಟೆಯೇ ಅಲ್ಲಿ ಶತ್ರು. ಬೆವರು ಕುಡಿದು ಒದ್ದೆಯಾಗಿ ಮೈಗೆ ಅಂಟಿಕೊಳ್ಳುತ್ತೆ, ಒಣಗಲ್ಲ, ಮೈ ಶಾಖವನ್ನ ಎಳೆದುಬಿಡುತ್ತೆ. ಮೈಗೆ ತಾಗಿ ಬೆವರು ಹೊರಹಾಕೋ ತೆಳು ಪದರ, ಅದರ ಮೇಲೆ ಶಾಖ ಹಿಡಿಯೋ ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ-ನೀರು ತಡೆಯೋ ಜಾಕೆಟ್. ನಡೆಯುವಾಗ ಒಂದು ಪದರ ತೆಗೀಬೇಕು, ನಿಂತ ಕೂಡಲೇ ಹಾಕಿಕೊಳ್ಳಬೇಕು. ಬೆವರೋಕೂ ಬಿಡಬಾರದು, ನಡುಗೋಕೂ ಬಿಡಬಾರದು. ಹೇಳೋಕೆ ಸುಲಭ. ಸುಸ್ತಾಗಿ ನಿಂತಾಗ ಚೀಲ ಬಿಚ್ಚಿ ಜಾಕೆಟ್ ತೆಗೆಯೋಕೆ ಮನಸ್ಸೇ ಬರಲ್ಲ. ಅದನ್ನ ಅಭ್ಯಾಸ ಮಾಡಿಸೋದೇ ಒಂದು ಪಾಠ.

ದೊಡ್ಡಪ್ಪ: ಎಷ್ಟು ದಿನದ ಕೋರ್ಸು? ಯಾರು ನಡೆಸೋದು?

ಮಗಳು: ಬೇಸಿಕ್ ಕೋರ್ಸ್ 28 ದಿನ. ನಾನು ಹೋಗಿದ್ದು ಹಿಮಾಲಯನ್ ಮೌಂಟೇನಿಯರಿಂಗ್ ಇನ್‌ಸ್ಟಿಟ್ಯೂಟಿಗೆ. ತೇನ್‌ಸಿಂಗ್ ನೋರ್ಗೆ ಮತ್ತು ಹಿಲರಿ 1953ರ ಮೇ 29ರಂದು ಎವರೆಸ್ಟ್ ಹತ್ತಿದರಲ್ಲ, ಅದರ ಮರುವರ್ಷ, 1954ರ ನವೆಂಬರ್ 4ರಂದು ಅದು ಶುರುವಾಯ್ತು. ನೆಹರೂ ಅವರ ಒತ್ತಾಸೆ ಇತ್ತು. ತೇನ್‌ಸಿಂಗ್ ಅವರೇ ಅಲ್ಲಿ ಕ್ಷೇತ್ರ ತರಬೇತಿಯ ನಿರ್ದೇಶಕರಾದರು. ನನಗೆ ತುಂಬಾ ಹಿಡಿಸಿದ ಸಂಗತಿ ಏನು ಗೊತ್ತಾ? ಎವರೆಸ್ಟ್ ಹತ್ತಿದ ಮೇಲೂ ಅವರು ಸ್ವಿಟ್ಜರ್ಲೆಂಡಿಗೆ ಹೋಗಿ, ಆರ್ನಾಲ್ಡ್ ಗ್ಲಾಟ್‌ಹಾರ್ಡ್ ಅನ್ನೋ ಗುರುವಿನ ಶಾಲೆಯಲ್ಲಿ, ಪಾಠ ಹೇಳಿಕೊಡೋದು ಹೇಗೆ ಅಂತ ಕಲಿತು ಬಂದರು. ಜಗತ್ತಿನ ತುದಿ ಮುಟ್ಟಿದವರು ಮತ್ತೆ ವಿದ್ಯಾರ್ಥಿಯಾದರು. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ 1965ರಲ್ಲಿ ಬಂತು. ಮನಾಲಿ, ಪಹಲ್ಗಾಮ್‌ಗಳಲ್ಲೂ ಇಂಥ ಸಂಸ್ಥೆಗಳಿವೆ.

ದೊಡ್ಡಪ್ಪ: ಹೋದ ಕೂಡಲೇ ಹಿಮದ ಮೇಲೆ ಬಿಡ್ತಾರಾ?

ಮಗಳು: ಇಲ್ಲ. ಮೊದಲು ಡಾರ್ಜಿಲಿಂಗ್‌ನಲ್ಲಿ ಓಟ, ಹಗ್ಗದ ಗಂಟುಗಳು, ಬಂಡೆ ಹತ್ತೋದು, ಹಗ್ಗದಲ್ಲಿ ಇಳಿಯೋದು. ತುಂಬಿದ ಚೀಲ ಹೊತ್ತು ಟೈಗರ್ ಹಿಲ್‌ಗೆ ನಡಿಗೆ. ಆಮೇಲೆ ಸಿಕ್ಕಿಂನ ಯುಕ್ಸೋಮ್‌ನಿಂದ ಕಾಡಿನ ದಾರಿ, ಜೊಂಗ್ರಿ, ಅಲ್ಲಿಂದ ಚೌರಿಖಾಂಗ್ ಬೇಸ್ ಕ್ಯಾಂಪ್. ಅದು ಸುಮಾರು 14,600 ಅಡಿ. ಹತ್ತಿರದ ರಾಥೋಂಗ್ ಹಿಮನದಿಯ ಮೇಲೆ ಹಿಮದ ಪಾಠ, ಮಂಜುಗಡ್ಡೆಯ ಪಾಠ. ಮೇಲೆ ಹೋಗೋದು ನಿಧಾನ, ಬೇಕಂತಲೇ ನಿಧಾನ. ನಮ್ಮ ಬೈಲಕುಪ್ಪೆ ಇರೋದು 2,800 ಅಡಿ ಆಸುಪಾಸಿನಲ್ಲಿ. 18,000 ಅಡಿಗೆ ಹೋದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತೆ, ಅಂದರೆ ಒಂದು ಉಸಿರಿಗೆ ಸಿಗೋ ಆಮ್ಲಜನಕವೂ ಅರ್ಧ. ದೇಹ ಅದಕ್ಕೆ ಹೊಂದಿಕೊಳ್ಳೋಕೆ ಸಮಯ ಕೊಡಬೇಕು. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗೋ ಜಾಗವನ್ನ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಅನ್ನೋದು ವೈದ್ಯರ ನಿಯಮ. ಹಗಲು ಇನ್ನೂ ಮೇಲಕ್ಕೆ ಹೋಗಿ ಬರಬಹುದು, ಮಲಗೋದು ಕೆಳಗೆ.

ದೊಡ್ಡಪ್ಪ: ಇದು ನಮ್ಮ ಹೊಗೆಸೊಪ್ಪಿನ ಬ್ಯಾರನ್ ಕೆಲಸದ ಥರಾನೇ ಆಯ್ತಲ್ಲ. ಸೊಪ್ಪು ಬೇಯಿಸುವಾಗ ಮೊದಲು ಹಣ್ಣಾಗೋಕೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೂರರ ಆಸುಪಾಸಿನಲ್ಲೇ ನಿಲ್ಲಿಸಬೇಕು. ಎಲೆ ಹಳದಿಯಾದ ಮೇಲೆ ಸ್ವಲ್ಪ ಸ್ವಲ್ಪ ಏರಿಸ್ತಾ, ಕೊನೆಗೆ ಕಡ್ಡಿ ಒಣಗೋಕೆ 160ರ ತನಕ ತಗೊಂಡು ಹೋಗ್ತೀವಿ. ಸೌದೆ ಇದೆ ಅಂತ ಒಂದೇ ರಾತ್ರಿಯಲ್ಲಿ ಉರಿ ಹೆಚ್ಚಿಸಿದರೆ ಇಡೀ ಬ್ಯಾರನ್ ಸೊಪ್ಪು ಕೆಟ್ಟುಹೋಗುತ್ತೆ. ಹರಾಜಿನಲ್ಲಿ ಕೇಳೋರು ಇರಲ್ಲ.

ಮಗಳು: ಅದೇ ಶಿಸ್ತು ದೊಡ್ಡಪ್ಪ. ಅವಸರಪಟ್ಟರೆ ಮೊದಲು ತಲೆನೋವು, ವಾಂತಿ. ಅದನ್ನ ಮುಚ್ಚಿಟ್ಟು ಇನ್ನೂ ಮೇಲೆ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮೆದುಳು ಬಾತುಕೊಳ್ಳಬಹುದು. ಅಂಥವರನ್ನ ಕಾಯದೆ ಕೆಳಗೆ ಇಳಿಸೋದೇ ಮೊದಲ ಚಿಕಿತ್ಸೆ. ತಲೆನೋವನ್ನ ಮುಚ್ಚಿಡಬೇಡಿ, ಹೇಳೋದರಲ್ಲಿ ನಾಚಿಕೆ ಇಲ್ಲ ಅಂತ ತರಬೇತುದಾರರು ಮತ್ತೆ ಮತ್ತೆ ಹೇಳೋರು.

ದೊಡ್ಡಪ್ಪ: ಹಿಮದ ಮೇಲೆ ಏನು ಕಲಿಸಿದರು? ಒಂದನ್ನಾದರೂ ಬಿಡಿಸಿ ಹೇಳು.

ಮಗಳು: ಐಸ್ ಆಕ್ಸ್ ವಿಷಯ ಹೇಳ್ತೀನಿ. ಅದಕ್ಕೆ ಒಂದು ಕಡೆ ಚೂಪಾದ ಕೊಕ್ಕು, ಇನ್ನೊಂದು ಕಡೆ ಅಗಲ ಬಾಯಿ, ಹಿಡಿಯ ತುದಿಯಲ್ಲಿ ಮೊನೆ. ನಡೆಯುವಾಗ ಮೊನೆ ಊರಿಕೊಂಡು ಹೋಗ್ತೀವಿ. ಕಾಲು ಜಾರಿದರೆ ಇಳಿಜಾರಿನಲ್ಲಿ ಮೈ ಬಾಣದ ಹಾಗೆ ಹೋಗುತ್ತೆ, ಯೋಚನೆಗೆ ಸಮಯ ಇರಲ್ಲ. ಕೂಡಲೇ ಹೊಟ್ಟೆಯ ಮೇಲೆ ಹೊರಳಬೇಕು. ಒಂದು ಕೈ ಆಕ್ಸಿನ ತಲೆಯ ಮೇಲೆ, ಇನ್ನೊಂದು ಮೊನೆಯ ಹತ್ತಿರ. ಕೊಕ್ಕನ್ನ ಭುಜದ ಪಕ್ಕದಲ್ಲಿಟ್ಟು ಎದೆಯ ಭಾರವನ್ನೆಲ್ಲ ಅದರ ಮೇಲೆ ಹಾಕಬೇಕು. ಬೂಟಿಗೆ ಕ್ರ್ಯಾಂಪಾನ್, ಅಂದರೆ ಉಕ್ಕಿನ ಹಲ್ಲು ಕಟ್ಟಿದ್ದರೆ ಪಾದ ಮೇಲೆತ್ತಿ ಹಿಡೀಬೇಕು. ಇಲ್ಲದಿದ್ದರೆ ಹಲ್ಲು ಹಿಮಕ್ಕೆ ಸಿಕ್ಕಿ ಮೈಯನ್ನೇ ತಿರುಗಿಸಿ ಎಸೆಯುತ್ತೆ, ಕಣಕಾಲು ಮುರಿಯುತ್ತೆ. ಕೆಳಗೆ ಸಮತಟ್ಟಾದ, ಬಂಡೆ ಇಲ್ಲದ ಇಳಿಜಾರು ಹುಡುಕಿ ಅಲ್ಲಿ ಬೇಕಂತಲೇ ಜಾರಿಸ್ತಾರೆ. ಕೂತು ಜಾರೋದು, ಬೆನ್ನಿನ ಮೇಲೆ ಜಾರೋದು, ತಲೆ ಕೆಳಗಾಗಿ ಜಾರೋದು. ಮೈ ತಾನಾಗಿ ತಿರುಗೋ ತನಕ ಬಿಡಲ್ಲ.

ದೊಡ್ಡಪ್ಪ: ಪುಸ್ತಕ ಓದಿ ಬರೋ ವಿದ್ಯೆ ಅಲ್ಲ ಹಾಗಾದರೆ.

ಮಗಳು: ಓದಿದ್ದು ಆ ಹೊತ್ತಿಗೆ ಕೈಗೆ ಬರಲ್ಲ. ನಾಲ್ಕೈದು ಜನರನ್ನ ಒಂದೇ ಹಗ್ಗಕ್ಕೆ ಕಟ್ಟಿ ನಡೆಸೋದೂ ಹಾಗೇ. ಹಿಮನದಿಯಲ್ಲಿ ಆಳವಾದ ಬಿರುಕುಗಳು ಇರುತ್ತವೆ, ಮೇಲೆ ತೆಳ್ಳಗೆ ಹಿಮ ಮುಚ್ಚಿ ಕಾಣಲ್ಲ. ಒಬ್ಬರು ಬಿದ್ದರೆ ಉಳಿದವರು ತಕ್ಷಣ ಕೆಳಗೆ ಬಿದ್ದು ಆಕ್ಸ್ ಊರಿ ಹಗ್ಗ ಹಿಡೀಬೇಕು. ಆಮೇಲೆ ಹಿಮದಲ್ಲಿ ಗಟ್ಟಿ ಆಧಾರ ಹೂತು, ಅದಕ್ಕೆ ಹಗ್ಗದ ಭಾರ ದಾಟಿಸಿ, ರಾಟೆ ಕಟ್ಟಿ ಮೇಲೆಳೀಬೇಕು. ಹಗ್ಗಕ್ಕೆ ಕಟ್ಟಿಕೊಂಡ ಮೇಲೆ ನನ್ನ ಹೆಜ್ಜೆ ನನ್ನೊಬ್ಬಳದೇ ಆಗಿ ಉಳಿಯಲ್ಲ. ನಾನು ಅಜಾಗರೂಕಳಾದರೆ ಜೊತೆಯವರ ಜೀವಕ್ಕೂ ಅಪಾಯ.

ದೊಡ್ಡಪ್ಪ: ಹಿಮದಲ್ಲಿ ಹೂತುಹೋಗೋದು ಅಂದರೆ ನನಗೆ ಸಿಯಾಚಿನ್ ನೆನಪಾಗುತ್ತೆ. ಹನುಮಂತಪ್ಪ ಕೊಪ್ಪದ್ ಬದುಕಲಿ ಅಂತ ಊರೂರಲ್ಲಿ ಪೂಜೆ ಮಾಡಿಸಿದ್ದರು.

ಮಗಳು: 2016ರ ಫೆಬ್ರವರಿ 3. ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ 10 ಯೋಧರು ಹೂತುಹೋದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಅವರನ್ನ ಕೆಲವು ದಿನಗಳ ನಂತರ ಜೀವಂತವಾಗಿ ಹೊರತೆಗೆದರು. ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಆ ಹತ್ತು ಜನರಲ್ಲಿ ಹಾಸನದ ತೇಜೂರಿನ ಸುಬೇದಾರ್ ನಾಗೇಶ್ ಇದ್ದರು. ನಮ್ಮ ಪಕ್ಕದ ಎಚ್.ಡಿ. ಕೋಟೆಯ ಸಿಪಾಯಿ ಮಹೇಶ್ ಕೂಡ ಇದ್ದರು. ಹಿಮ ನಮಗೆ ಸಂಬಂಧ ಇಲ್ಲ ಅಂತೀರಲ್ಲ, ಕಬಿನಿ ದಂಡೆಯ ತಾಲ್ಲೂಕಿನ ಹುಡುಗ ಅಲ್ಲಿ ಪ್ರಾಣ ಕೊಟ್ಟಿದ್ದಾನೆ.

ದೊಡ್ಡಪ್ಪ: ಹೌದು ಕಣವ್ವ. ಆ ಮಾತು ಸರಿ. ಹಿಮಕುಸಿತದ ಬಗ್ಗೆ ಏನು ಹೇಳಿಕೊಡ್ತಾರೆ?

ಮಗಳು: ಮೊದಲು ಇಳಿಜಾರು ಓದೋದು. 30ರಿಂದ 45 ಡಿಗ್ರಿ ಓರೆ ಇರೋ ಕಡೆ ಹೆಚ್ಚಿನ ಕುಸಿತಗಳು ಆಗೋದು. ಹೊಸ ಹಿಮ ಜೋರಾಗಿ ಬಿದ್ದಿದ್ದರೆ, ಗಾಳಿ ಹಿಮವನ್ನ ಒಂದೇ ಬದಿಗೆ ಪೇರಿಸಿದ್ದರೆ, ಕಾಲಿಟ್ಟಾಗ ಒಳಗಿಂದ "ಧುಮ್" ಅನ್ನೋ ಸದ್ದು ಬಂದರೆ ಅಲ್ಲಿಗೆ ಹೋಗಬಾರದು. ಗುಂಡಿ ತೋಡಿ ಹಿಮದ ಪದರಗಳನ್ನ ನೋಡ್ತಾರೆ, ಗಟ್ಟಿ ಪದರದ ಕೆಳಗೆ ಸಕ್ಕರೆಯಂಥ ಸಡಿಲ ಪದರ ಇದ್ದರೆ ಅದು ಜಾರುತ್ತೆ. ಹೂತುಹೋದವರ ವಿಷಯದಲ್ಲಿ ನಿಮಿಷಗಳ ಲೆಕ್ಕ. ಸ್ವಿಟ್ಜರ್ಲೆಂಡಿನ ಅಧ್ಯಯನವೊಂದರ ಪ್ರಕಾರ ಕಾಲು ಗಂಟೆಯೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕ್ತಾರೆ. 35 ನಿಮಿಷ ಆದರೆ ಮೂವರಲ್ಲಿ ಒಬ್ಬರೂ ಕಷ್ಟ. ಹೊರಗಿನಿಂದ ಸಹಾಯ ಬರೋಕೆ ಗಂಟೆಗಳೇ ಬೇಕು. ಅಂದಮೇಲೆ ಜೊತೆಯಲ್ಲಿ ಇದ್ದವರೇ ಉಳಿಸಬೇಕು. ಮೈಗೆ ಕಟ್ಟಿಕೊಳ್ಳೋ ಸಂಕೇತ ಯಂತ್ರ, ಚುಚ್ಚಿ ಹುಡುಕೋ ಉದ್ದನೆಯ ಕೋಲು, ಸಲಿಕೆ, ಈ ಮೂರು ಪ್ರತಿಯೊಬ್ಬರ ಹತ್ತಿರ ಇರಬೇಕು, ಬಳಸೋಕೂ ಬರಬೇಕು.

ದೊಡ್ಡಪ್ಪ: ಈಗ ನನ್ನ ಗಟ್ಟಿ ಪ್ರಶ್ನೆ. ಇಷ್ಟೆಲ್ಲ ಕಲಿತವರೂ ಸತ್ತಿದ್ದಾರಲ್ಲ? ಕೆಲವು ವರ್ಷದ ಹಿಂದೆ ತರಬೇತಿಗೆ ಹೋದ ಮಕ್ಕಳೇ ಹಿಮದಡಿ ಸಿಕ್ಕಿ ಹೋದರು ಅಂತ ಪೇಪರಿನಲ್ಲಿ ಓದಿದ್ದೆ. ಆ ಸುದ್ದಿ ಓದಿದ ಮೇಲೂ ನಿನ್ನಪ್ಪ ನಿನ್ನನ್ನ ಕಳಿಸಿದ್ದು ನನಗೆ ಸಿಟ್ಟು ತರಿಸಿತ್ತು.

ಮಗಳು: ನೀವು ಹೇಳ್ತಿರೋದು 2022ರ ಅಕ್ಟೋಬರ್ 4ರ ದುರಂತ. ಉತ್ತರಕಾಶಿಯ ದ್ರೌಪದಿ ಕಾ ಡಾಂಡಾ ಶಿಖರದ ಹತ್ತಿರ ಅಡ್ವಾನ್ಸ್ ಕೋರ್ಸಿನ ತಂಡದ ಮೇಲೆ ಹಿಮ ಕುಸಿಯಿತು. 27 ದೇಹಗಳು ಸಿಕ್ಕವು, ಇಬ್ಬರು ಸಿಗಲೇ ಇಲ್ಲ. ಕರ್ನಾಟಕದವರೂ ಇದ್ದರು. ತರಬೇತುದಾರರಾಗಿದ್ದ ಸವಿತಾ ಕಂಸ್ವಾಲ್ ಅದೇ ವರ್ಷ 16 ದಿನಗಳ ಅಂತರದಲ್ಲಿ ಎವರೆಸ್ಟ್ ಮತ್ತು ಮಕಾಲು ಎರಡನ್ನೂ ಹತ್ತಿದ್ದವರು. ಅವರೂ ಹೋದರು. ಈ ಸುದ್ದಿ ಗೊತ್ತಿದ್ದೇ ನಾನು ಅರ್ಜಿ ಹಾಕಿದ್ದು. ಸುಳ್ಳು ಸಮಾಧಾನ ಹೇಳಲ್ಲ ದೊಡ್ಡಪ್ಪ. ವಿದ್ಯೆ ಅಪಾಯವನ್ನ ಕಡಿಮೆ ಮಾಡುತ್ತೆ, ಇಲ್ಲವಾಗಿಸಲ್ಲ. ಒಳ್ಳೆಯ ಗುರು ಅದನ್ನೂ ಹೇಳ್ತಾರೆ.

ದೊಡ್ಡಪ್ಪ: ಹಾಗಾದರೆ ಹೋಗದೇ ಇರೋದೇ ಒಳ್ಳೆಯದು ಅನ್ನಬಹುದಲ್ಲ?

ಮಗಳು: ಹೋಗದೇ ಇರೋದು ಗೌರವದ ಆಯ್ಕೆ. ಆದರೆ ಹೋಗೋರು ಹೋಗೇ ಹೋಗ್ತಾರೆ. ಸೈನಿಕ ಆಜ್ಞೆಯ ಮೇಲೆ ಹೋಗ್ತಾನೆ, ಚಾರಣಿಗ ಆಸೆಯಿಂದ ಹೋಗ್ತಾನೆ. ಇಬ್ಬರಿಗೂ ಹಿಮ ಒಂದೇ ನಿಯಮ ಹಾಕುತ್ತೆ. ಸೇನೆಯವರು ತಮ್ಮ ಹುಡುಗರಿಗೆ ಸಿಯಾಚಿನ್ ಏರೋ ಮುಂಚೆ ಹಿಮದಲ್ಲಿ ತರಬೇತಿ ಕೊಡ್ತಾರೆ. ದುಡ್ಡು ಕಟ್ಟಿ ಹೋಗೋ ನಾವು ಮಾತ್ರ ಹೊಸ ಬೂಟು ಕೊಂಡರೆ ಸಾಕು ಅಂದುಕೊಳ್ತೀವಿ. ಇನ್ನೊಂದು ಮಾತು. ಕೋರ್ಸಿನಲ್ಲಿ ನಾನು ಕಲಿತ ಅತಿ ಕಷ್ಟದ ಪಾಠ ಹಿಂತಿರುಗೋದು. ಹೊರಡೋ ಮುಂಚೆಯೇ, ತಲೆ ತಣ್ಣಗಿದ್ದಾಗಲೇ, "ಇಷ್ಟು ಗಂಟೆಗೆ ಎಲ್ಲಿದ್ದರೂ ವಾಪಸ್" ಅಂತ ಗೊತ್ತು ಮಾಡಿಕೊಳ್ಳಬೇಕು. ಮೇಲೆ ಹೋದಾಗ ತುದಿ ಕಣ್ಣಿಗೆ ಕಾಣ್ತಿರುತ್ತೆ, ರಜೆ ಹಾಕಿದ್ದು, ದುಡ್ಡು ಕೊಟ್ಟಿದ್ದು ಎಲ್ಲ ನೆನಪಾಗುತ್ತೆ, ಆಮ್ಲಜನಕ ಕಡಿಮೆಯಾದ ಮೆದುಳು "ಇನ್ನೊಂದರ್ಧ ಗಂಟೆ" ಅನ್ನುತ್ತೆ. ಆಗ ತೀರ್ಮಾನ ಮಾಡೋಕೆ ಹೋದರೆ ತಪ್ಪಾಗುತ್ತೆ. ಮೊದಲೇ ಮಾಡಿಟ್ಟ ತೀರ್ಮಾನವನ್ನ ಪಾಲಿಸೋದಷ್ಟೇ ಆಗ ಮಾಡಬಹುದಾದ ಕೆಲಸ.

ದೊಡ್ಡಪ್ಪ: ನಮ್ಮ ಕ್ಯಾಂಪಿನ ಹಿರಿಯ ಟಿಬೆಟಿಯನ್ನರು ಯಾವ ಕೋರ್ಸೂ ಇಲ್ಲದೆ ಹಿಮಾಲಯ ದಾಟಿ ಬಂದರಲ್ಲ?

ಮಗಳು: ಅವರಿಗೆ ಬೇರೆ ದಾರಿ ಇರಲಿಲ್ಲ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ಬಿಟ್ಟ ಮೇಲೆ ಸಾವಿರಾರು ಜನ ಕಣಿವೆ ದಾಟಿ ಬಂದರು. ಮೈಸೂರು ಸರ್ಕಾರ ಜಾಗ ಕೊಟ್ಟು, 1961ರಲ್ಲಿ ಇಲ್ಲಿ ಮೊದಲ ವಸತಿ ಆಯ್ತು. ಆಮೇಲಿನ ದಶಕಗಳಲ್ಲೂ ಎಷ್ಟೋ ಜನ, ಸಣ್ಣ ಸಣ್ಣ ಭಿಕ್ಷುಗಳೂ ಸೇರಿ, 5,700 ಮೀಟರ್ ಎತ್ತರದ ನಂಗ್‌ಪಾ ಲಾ ದಾಟಿ ನೇಪಾಳದ ಮೂಲಕ ಭಾರತಕ್ಕೆ ಬಂದಿದ್ದಾರೆ. ಕಾವಲು ಕಡಿಮೆ ಅಂತ ಚಳಿಗಾಲದಲ್ಲೇ ಬರೋರು. ಹಿಮದ ಊರಿನಲ್ಲಿ ಹುಟ್ಟಿದವರೇ ಆದರೂ ಬೆರಳು ಕಳಕೊಂಡವರು, ದಾರಿಯಲ್ಲಿ ತೀರಿಕೊಂಡವರು ಅವರಲ್ಲಿ ಇದ್ದಾರೆ. ಅವರ ಹತ್ತಿರವೂ ವಿದ್ಯೆ ಇತ್ತು. ಯಾಕ್ ಕೂದಲಿನಿಂದ ಹೆಣೆದ ಕಣ್ಣುಪಟ್ಟಿ ಕಟ್ಟಿಕೊಳ್ತಿದ್ದರು. ಹೊಸ ಹಿಮ ನೇರಳಾತೀತ ಕಿರಣದಲ್ಲಿ ನೂರಕ್ಕೆ 80 ಭಾಗದ ತನಕ ವಾಪಸ್ ಕಣ್ಣಿಗೆ ಹೊಡೆಯುತ್ತೆ, ಕನ್ನಡಕ ಇಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಕಣ್ಣು ಉರಿದು ತೆರೆಯೋಕೇ ಆಗಲ್ಲ.

ದೊಡ್ಡಪ್ಪ: ಬೆರಳು ಹೆಪ್ಪುಗಟ್ಟಿದರೆ ಹಿಮ ಹಾಕಿ ಉಜ್ಜಬೇಕು ಅಂತ ನಮ್ಮೂರಿನ ಮಿಲಿಟರಿಯವರೊಬ್ಬರು ಹೇಳಿದ್ದರು.

ಮಗಳು: ಅದು ಹಳೇ ನಂಬಿಕೆ, ಉಜ್ಜಿದರೆ ಚರ್ಮ, ನರ ಇನ್ನಷ್ಟು ಹರಿಯುತ್ತೆ. 37ರಿಂದ 39 ಡಿಗ್ರಿ ಸೆಲ್ಸಿಯಸ್ ಬೆಚ್ಚನೆ ನೀರಿನಲ್ಲಿ ಇಡಬೇಕು. ಅದೂ ಮತ್ತೆ ಹೆಪ್ಪುಗಟ್ಟಲ್ಲ ಅನ್ನೋ ಖಾತ್ರಿ ಇದ್ದರೆ ಮಾತ್ರ. ಒಮ್ಮೆ ಬೆಚ್ಚಗಾದ ಬೆರಳು ಇನ್ನೊಮ್ಮೆ ಹೆಪ್ಪುಗಟ್ಟಿದರೆ ಕಳಕೊಂಡಂತೆಯೇ.

ದೊಡ್ಡಪ್ಪ: ಮಿಲಿಟರಿ ಅಂದಾಗ ನೆನಪಾಯ್ತು, ನಮ್ಮ ಪಕ್ಕದ ಮಡಿಕೇರಿಯ ಜನರಲ್ ತಿಮ್ಮಯ್ಯನವರೂ ಹಿಮದಲ್ಲಿ ಯುದ್ಧ ಮಾಡಿದ್ದರು ಅಂತಾರೆ.

ಮಗಳು: 1948ರ ನವೆಂಬರ್ 1, ಜೋಜಿ ಲಾ ಕಣಿವೆ. 11,500 ಅಡಿ ಎತ್ತರಕ್ಕೆ ಟ್ಯಾಂಕ್ ಏರಿಸಿ, ತಾವೇ ಮುಂದಿನ ಟ್ಯಾಂಕಿನಲ್ಲಿ ಹೋದರು. ಲಡಾಖ್ ಉಳಿಯೋಕೆ ಆ ಗೆಲುವು ದೊಡ್ಡ ಕಾರಣ. ಈಗ ಅವರ ಹೆಸರಿನಲ್ಲೇ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಹಗ್ಗ, ಗಂಟು, ಬಂಡೆ ಹತ್ತೋದು ಇದನ್ನೆಲ್ಲ ಕರ್ನಾಟಕದಲ್ಲೇ ಕಲೀಬಹುದು, ರಾಮನಗರದ ಬಂಡೆಗಳಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಹಿಮಕ್ಕೆ ಮಾತ್ರ ಉತ್ತರಕ್ಕೇ ಹೋಗಬೇಕು.

ದೊಡ್ಡಪ್ಪ: ಈಗ ನನ್ನ ವಿಷಯಕ್ಕೆ ಬರ್ತೀನಿ. ನಿನ್ನಣ್ಣ ಬೆಂಗಳೂರಿನ ಸ್ನೇಹಿತರ ಜೊತೆ ಡಿಸೆಂಬರಿನಲ್ಲಿ ಕೇದಾರಕಂಠಕ್ಕೆ ಹೋಗ್ತೀನಿ ಅಂತಿದ್ದಾನೆ. 28 ದಿನ ರಜೆ ಹಾಕಿ ಕೋರ್ಸ್ ಮಾಡೋಕೆ ಅವನಿಗೆ ಆಗಲ್ಲ. ನಾನು ಬೇಡ ಅಂದರೆ ಕೇಳಲ್ಲ. ಏನು ಮಾಡಲಿ?

ಮಗಳು: ಬೇಡ ಅನ್ನಬೇಡಿ. ಕೇದಾರಕಂಠ 12,500 ಅಡಿ, ತಯಾರಿ ಇದ್ದರೆ ಹೋಗಿ ಬರಬಹುದಾದ ಬೆಟ್ಟ. ದುಡ್ಡು ಕಟ್ಟೋ ಮುಂಚೆ ಸಂಘಟಕರಿಗೆ ನಾಲ್ಕು ಪ್ರಶ್ನೆ ಕೇಳೋಕೆ ಹೇಳಿ. ಜೊತೆಗೆ ಬರೋ ನಾಯಕ ಯಾವ ಸಂಸ್ಥೆಯಲ್ಲಿ ತರಬೇತಿ ಪಡೆದಿದ್ದಾನೆ? ತುದಿ ಹತ್ತೋ ದಿನ ಎಷ್ಟು ಗಂಟೆಗೆ ಹಿಂತಿರುಗೋದು ಅಂತ ನಿಗದಿ ಇದೆ? ಒಬ್ಬನಿಗೆ ಉಸಿರು ಕಟ್ಟಿದರೆ ಕೆಳಗೆ ಇಳಿಸೋರು ಯಾರು, ಯಾವ ದಾರಿಯಲ್ಲಿ? ಹವಾಮಾನ ಕೆಟ್ಟರೆ ಚಾರಣ ರದ್ದು ಮಾಡ್ತಾರಾ? ಇದಕ್ಕೆ ನೇರ ಉತ್ತರ ಕೊಡೋರ ಜೊತೆ ಹೋಗಲಿ, ಕೊಡದವರ ಜೊತೆ ಬೇಡ. ಅವನು ಜೀನ್ಸ್, ಹತ್ತಿ ಬನಿಯನ್ ಬಿಟ್ಟು ಹೋಗಲಿ. ಹೊರಡೋ ಮುಂಚೆ ಒಂದು ದಿನ ಊರಿಗೆ ಬಂದರೆ ಪದರ ಹಾಕೋದು, ಆಕ್ಸ್ ಹಿಡಿಯೋದು ನಾನೇ ತೋರಿಸ್ತೀನಿ.

ದೊಡ್ಡಪ್ಪ: ಅವನು ತುದಿ ಹತ್ತದೇ ವಾಪಸ್ ಬಂದರೆ ಸ್ನೇಹಿತರ ಮುಂದೆ ಮುಖ ಸಣ್ಣದು ಮಾಡ್ಕೊಳ್ತಾನೆ. ಅವನ ಸ್ವಭಾವ ನನಗೆ ಗೊತ್ತು.

ಮಗಳು: ಅದಕ್ಕೇ ಆ ಮಾತು ನಿಮ್ಮ ಬಾಯಿಂದ ಬರಬೇಕು ದೊಡ್ಡಪ್ಪ. "ತುದಿ ಮುಟ್ಟದೆ ಬಂದರೂ ಈ ಮನೆಯಲ್ಲಿ ಯಾರೂ ಕೇಳಲ್ಲ" ಅಂತ ಹೊರಡೋ ಮುಂಚೆಯೇ ಹೇಳಿ. ಮೇಲೆ ಗಾಳಿ ತಿರುಗಿದಾಗ ಹಿಂತಿರುಗೋ ಧೈರ್ಯ ಅವನಿಗೆ ಅದರಿಂದ ಬರುತ್ತೆ.

ದೊಡ್ಡಪ್ಪ: ಇವತ್ತೇ ಫೋನ್ ಮಾಡ್ತೀನಿ. ಆ ನಾಲ್ಕು ಪ್ರಶ್ನೆ ಒಂದು ಚೀಟಿಯಲ್ಲಿ ಬರೆದುಕೊಡು.